ವಿದೇಶ ಪ್ರಯಾಣದಲ್ಲಿ ಹಣ ಹಾಗೂ ಬೆಲೆಬಾಳುವ ವಸ್ತುಗಳ ಸುರಕ್ಷತೆ

ವಿದೇಶಕ್ಕೆ ತೆರಳುವವರು ಸಾಮಾನ್ಯವಾಗಿ ಕಳ್ಳತನದ ಬಗ್ಗೆ ಮಾತ್ರ ಎಚ್ಚರ ವಹಿಸುತ್ತಾರೆ. ಧರಿಸಿ ಹೋದ ಸ್ವಂತ ಆಭರಣವನ್ನೇ ಹಿಂದಿರುಗುವಾಗ ತಮ್ಮದೆಂದು ರುಜುವಾತುಪಡಿಸಲಾಗದೆ ತೊಂದರೆಗೊಳಗಾಗುವ ಸಂಭವವೂ ಇರುತ್ತದೆ. ಮಕ್ಕಳ ಮನೆಗೆಂದು ಹೊರಡುವ ಹಿರಿಯರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಬೆಲೆಬಾಳುವ ಆಭರಣಗಳನ್ನು ನಿರ್ಗಮನದ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದಲ್ಲಿ, ಅವುಗಳನ್ನು ಮರಳಿ ತರುವಾಗ ಸುಂಕದ ಪ್ರಶ್ನೆ ಉದ್ಭವಿಸುವುದಿಲ್ಲ. ಅಧಿಕಾರಿಯು ವಸ್ತುವನ್ನು ಖುದ್ದಾಗಿ ಪರಿಶೀಲಿಸಬೇಕಾಗಿರುವುದರಿಂದ ಆಭರಣವು ಕೈಚೀಲದಲ್ಲಿಯೇ ಇರತಕ್ಕದ್ದು. ಖರೀದಿ ರಸೀದಿ ಅಥವಾ ಮೌಲ್ಯಮಾಪನ ಪತ್ರ ಹಾಗೂ ಛಾಯಾಚಿತ್ರಗಳನ್ನು ಜೊತೆಗಿಟ್ಟುಕೊಂಡು, ಸಾಕಷ್ಟು ಮುಂಚಿತವಾಗಿ ನಿಲ್ದಾಣ ತಲುಪುವುದು ಸೂಕ್ತ. ಅಗತ್ಯವಿಲ್ಲದ ಒಡವೆಯನ್ನು ಬ್ಯಾಂಕ್ ಲಾಕರಿನಲ್ಲಿ ಬಿಟ್ಟು ಹೋಗುವುದೇ ಲೇಸು.

ಬಹುತೇಕ ದೇಶಗಳಿಗೆ ತೆರಳುವವರು ಪ್ರತಿ ಭೇಟಿಗೆ 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಮಾತ್ರ ವಿದೇಶಿ ನೋಟುಗಳನ್ನು ಪಡೆಯಬಹುದಾಗಿದೆ. ಉಳಿದ ಮೊತ್ತವನ್ನು ವಿದೇಶಿ ವಿನಿಮಯ ಕಾರ್ಡಿಗೆ ತುಂಬಿಸಿಕೊಳ್ಳಬಹುದು. ನಗದು ಮತ್ತು ಕಾರ್ಡನ್ನು ಒಂದೇ ಚೀಲದಲ್ಲಿ ಇಡಬಾರದು. ಹಿಂದಿರುಗುವಾಗ ವಿದೇಶಿ ನೋಟುಗಳ ಮೌಲ್ಯವು 5,000 ಡಾಲರ್ ಮೀರಿದ್ದಲ್ಲಿ ಕಸ್ಟಮ್ಸ್‌ಗೆ ಘೋಷಣೆ ಸಲ್ಲಿಸುವುದು ಕಡ್ಡಾಯ.

ಕಾರ್ಡ್ ಕಳೆದುಹೋದಲ್ಲಿ ಮೊದಲು ಬ್ಯಾಂಕಿಗೆ ತಿಳಿಸಿ ಅದನ್ನು ಸ್ಥಗಿತಗೊಳಿಸತಕ್ಕದ್ದು. ಪಾಸ್‌ಪೋರ್ಟ್ ಕಳೆದುಹೋದಲ್ಲಿ ಸ್ಥಳೀಯ ಪೊಲೀಸ್ ದೂರಿನ ಪ್ರತಿಯೊಂದಿಗೆ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಅಲ್ಲಿ ನೀಡಲಾಗುವ ತುರ್ತು ಪ್ರಮಾಣಪತ್ರವು ಭಾರತಕ್ಕೆ ಮರಳಲು ಮಾತ್ರ ಮಾನ್ಯವಾಗಿರುತ್ತದೆ. ಅದರ ಮೇಲೆ ಪ್ರವಾಸವನ್ನು ಮುಂದುವರಿಸಲು ಬರುವುದಿಲ್ಲ.