ಗುಣದ ಬೆಡಂಗಿ ಅಕ್ಕಾದೇವಿ

ಶಾಸನಗಳಲ್ಲಿ ಕಂಡುಬರುವ ಬಿರುದುಗಳನ್ನೆಲ್ಲ ಯಥಾರ್ಥವೆಂದು ಗ್ರಹಿಸುವುದು ಇತಿಹಾಸಜ್ಞರಿಗೆ ತರವಲ್ಲ. ತನ್ನ ಪ್ರಶಸ್ತಿಯಲ್ಲಿ ವೈರಿಗಜಕ್ಕೆ ಸಿಂಹನಾಗದ ಸಾಮಂತನೇ ಇಲ್ಲ. ಆದುದರಿಂದ ಕಲ್ಯಾಣದ ಚಾಲುಕ್ಯವಂಶದ ಅಕ್ಕಾದೇವಿಯನ್ನು ರಣರಂಗದಲ್ಲಿ ಭೈರವಿಗೆ ಹೋಲಿಸಿರುವುದನ್ನೂ ಕವಿಯ ಅತಿಶಯೋಕ್ತಿಯೆಂದು ಬದಿಗಿಡಲು ಅವಕಾಶವಿದ್ದಿತು. ಆಕೆಯದೇ ಆದ ಇನ್ನೊಂದು ದಾನಶಾಸನವು ಆ ಅವಕಾಶವನ್ನು ಇಲ್ಲದಂತೆ ಮಾಡಿರುವುದು.

ಅಕ್ಕಾದೇವಿಯು ದಶವರ್ಮನ ಮಗಳು; ಐದನೆಯ ವಿಕ್ರಮಾದಿತ್ಯ ಮತ್ತು ಎರಡನೆಯ ಜಯಸಿಂಹರ ಸೋದರಿ; ಆಹವಮಲ್ಲ ಸೋಮೇಶ್ವರನಿಗೆ ಸೋದರತ್ತೆ. ಶಕವರ್ಷ 932ರ (ಕ್ರಿ.ಶ. 1010) ಸೂಡಿಯ ಶಾಸನಕಾಲಕ್ಕಾಗಲೇ ಆಕೆ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು. ಅದಕ್ಕೆ ಮೂರೇ ವರ್ಷಗಳ ಹಿಂದೆ ಚೋಳಸೈನ್ಯವು ಕನ್ನಡನಾಡಿನೊಳಕ್ಕೆ ನುಗ್ಗಿ ಮಾಡಿದ ಹಾವಳಿಯನ್ನು ಹೊಟ್ಟೂರಿನ ಶಾಸನವು ಹೇಳುತ್ತದೆ. ಇಂತಹ ಕಾಲದಲ್ಲಿ ಒಂದು ನಾಡಿನ ಆಡಳಿತವು ರಾಜಪುತ್ರಿಯ ವಶಕ್ಕೆ ಬಂದಿತೆಂದರೆ ಅದು ಕೇವಲ ಅರಿಸಿನಕುಂಕುಮದ ಉಂಬಳಿಯಾಗಿರಲಾರದು. ಗುಣದ ಬೆಡಂಗಿ ಎಂಬ ಬಿರುದಿನ ಜೊತೆಗೆ ಆಕೆಗೆ ಏಕವಾಕ್ಯೆ, ಎಂದರೆ ಆಡಿದ ಮಾತನ್ನು ಎರಡು ಮಾಡದವಳು, ಎಂಬ ವಿಶೇಷಣವೂ ಇದ್ದಿತು. ಆಳುವವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇರೊಂದಿಲ್ಲ.

ಶಕವರ್ಷ 944ರ (ಕ್ರಿ.ಶ. 1022) ಬೇಲೂರ ಶಾಸನವು ಬಾದಾಮಿಯ ಪ್ರಾಂತದ್ದು, ಹೊಯ್ಸಳರ ಬೇಲೂರಿನದಲ್ಲ. ಭೈರವಿಯ ಹೋಲಿಕೆ ಇರುವುದು ಇದರಲ್ಲಿಯೇ. ಜಿನ, ಬುದ್ಧ, ಅನಂತ, ರುದ್ರ ಈ ನಾಲ್ವರ ಸಮಯಗಳಲ್ಲಿ ವಿಹಿತವಾದ ಧರ್ಮಗಳನ್ನೂ ಆಕೆ ಆಚರಿಸಿದಳೆಂದು ಅದರಿಂದ ತಿಳಿದುಬರುವುದು. ವಿದ್ಯಾರ್ಥಿಗಳ ಅನ್ನವಸ್ತ್ರಗಳಿಗಾಗಿ ಭೂಮಿಯನ್ನು ಬಿಟ್ಟುದೂ ಅಲ್ಲಿಯೇ ಉಕ್ತವಾಗಿದೆ.

ಇನ್ನು ಪ್ರಕೃತವಾದುದು ಅರಸೀಬೀಡಿಯ ಶಾಸನ. ಹುನಗುಂದದ ಪ್ರಾಂತದಲ್ಲಿರುವ ಈ ಊರಿಗೆ ಆಗ ವಿಕ್ರಮಪುರವೆಂದು ಹೆಸರು. ಅರಸಿಯ ಬೀಡೆಂಬ ಅರ್ಥವು ಈಗಿನ ಹೆಸರಿನಲ್ಲಿಯೇ ಉಳಿದಿದೆ. ಶಕವರ್ಷ 969ರಲ್ಲಿ (ಕ್ರಿ.ಶ. 1047) ಅಕ್ಕಾದೇವಿಯು ಅಲ್ಲಿನ ಗುಣದ ಬೆಡಂಗಿ ಜಿನಾಲಯಕ್ಕೆ ದತ್ತಿಯನ್ನು ಬಿಟ್ಟಳು. ದಾನವು ಸಾಧಾರಣವಾದುದೇ, ದಾನವನ್ನು ಕೊಟ್ಟ ಸ್ಥಳವು ಮಾತ್ರ ಸಾಧಾರಣವಲ್ಲ. ಆಗ ಆಕೆ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿ ಬೀಡುಬಿಟ್ಟಿದ್ದಳು. ಈ ಸಂಗತಿಯು ಸ್ತುತಿಪದ್ಯದಲ್ಲಿ ಬಂದಿಲ್ಲ. ದತ್ತಿಯ ಕಾಲದೇಶಗಳನ್ನು ನಮೂದಿಸುವಲ್ಲಿ ವ್ಯವಹಾರದ ಮಾತಾಗಿ ಬಂದಿದೆ. ಹೊಗಳುವ ಉದ್ದೇಶವಿಲ್ಲದೆ ಹೇಳಿದ ಮಾತಾದುದರಿಂದಲೇ ಅದಕ್ಕೆ ಪ್ರಾಮಾಣ್ಯವು ಅಧಿಕ.

ಕೌಟಿಲ್ಯನು ದುರ್ಗವನ್ನು ಸಾಧಿಸುವ ಉಪಾಯಗಳಿಗಾಗಿ ಒಂದು ಅಧಿಕರಣವನ್ನೇ ಮೀಸಲಿಟ್ಟಿರುವನು. ಬಯಲಿನ ಕಾಳಗವು ಒಂದು ಹಗಲಿನಲ್ಲಿ ಮುಗಿದೀತು. ಮುತ್ತಿಗೆಯಾದರೋ ಹಾಗಲ್ಲ. ದಂಡಿಗೆ ಧಾನ್ಯ, ಕುದುರೆಗಳಿಗೆ ಮೇವು, ಬೇಸತ್ತ ಭಟರಿಗೆ ಧೈರ್ಯ ಇವೆಲ್ಲವನ್ನೂ ದಿನದಿನವೂ ಒದಗಿಸಬೇಕು. ಮೊದಲನೆಯ ಶಾಸನದ ಕಾಲಕ್ಕೆ ಆಕೆಗೆ ಇಪ್ಪತ್ತು ವರ್ಷಗಳೇ ಆಗಿದ್ದುವೆಂದು ಎಣಿಸಿದರೂ ಗೋಕಾಗೆಯ ಮುಂದೆ ನಿಂತಾಗ ಐವತ್ತೇಳು ತುಂಬಿರಬೇಕು. ಆ ವಯಸ್ಸಿನಲ್ಲಿ, ಆ ಪಾಳೆಯದಲ್ಲಿದ್ದುಕೊಂಡು, ದೂರದ ಒಂದು ಬಸದಿಯ ಪೂಜೆಗೂ ಋಷಿಗಳ ಆಹಾರಕ್ಕೂ ಏನು ಸಲ್ಲಬೇಕೆಂಬುದನ್ನು ಮರೆಯದೆ ಗೊತ್ತುಮಾಡಿದ ಚಿತ್ತಸ್ಥೈರ್ಯವು ಕೋಟೆಯನ್ನು ಮುತ್ತಿದ ಶೌರ್ಯಕ್ಕಿಂತ ಕಡಿಮೆಯಾದುದಲ್ಲ.

ಹಾನಗಲ್ಲಿನ ಕದಂಬ ಮಯೂರವರ್ಮನೊಡನೆ ಆಕೆ ಬನವಾಸಿಯನ್ನು ಆಳಿದುದೂ, ಮಗನಾದ ತೋಯಿಮದೇವನು ತರುವಾಯ ಆ ಪ್ರಾಂತದಲ್ಲಿ ಮಂಡಳೇಶ್ವರನಾದುದೂ ಪ್ರಸಿದ್ಧವೇ ಆಗಿವೆ.

ಕ್ರಿ.ಶ. 1050ರ ಸೂಡಿಯ ಶಾಸನವನ್ನು ಮಾತ್ರ ಬಿಡಲಾಗದು. ಆಗ ಕಿಸುಕಾಡಿನೊಡನೆ ತೊರುಗರೆ ಅರುವತ್ತು, ಮಾಸವಾಡಿ ನೂರನಾಲ್ವತ್ತು ಇವೂ ಆಕೆಯ ಆಳ್ವಿಕೆಯಲ್ಲಿದ್ದುವು. ಸೂಡಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಪೂರ್ವದಿಂದ ಬಂದ ಪೌರವ್ಯವಸ್ಥೆಯು ಚೋಳರೊಡನೆ ನಡೆದ ಯುದ್ಧದ ಕ್ಷೋಭೆಯಲ್ಲಿ ಮುರಿದುಬಿದ್ದಿತ್ತು. ಯುದ್ಧವನ್ನೇ ನೆವಮಾಡಿಕೊಂಡು ಊರಿನ ಹಕ್ಕುಗಳನ್ನು ಅರಮನೆಗೆ ಸೇರಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಹಾಗೆ ಮಾಡಿದ ಅರಸರು ಎಲ್ಲ ಕಾಲದಲ್ಲಿಯೂ ಉಂಟು. ಅಕ್ಕಾದೇವಿಯ ಆಳ್ವಿಕೆಯಲ್ಲಿ ಮಂತ್ರಿಗಳು ಸೇರಿ ಆ ವ್ಯವಸ್ಥೆಯನ್ನು ಸೆಟ್ಟಿಗಳಿಗೂ ಒಕ್ಕಲಿಗೂ ಮರಳಿ ಬರೆದುಕೊಟ್ಟರು.