ಸಬ್‌ವೂಫರ್: ವೇದಿಕೆಯ ಧ್ವನಿವ್ಯವಸ್ಥೆಯಲ್ಲಿ

ಸುಮಾರು 30ರಿಂದ 100 ಹರ್ಟ್ಸ್‌ವರೆಗಿನ ಮಂದ್ರ ಸದ್ದಿಗೆಂದೇ ಮೀಸಲಾದ ಸ್ಪೀಕರ್. ಕಿಕ್ ಡ್ರಮ್ ಎದೆಗೆ ಗುದ್ದಿದಂತೆ ಕೇಳಿಸುವುದು ಇದರಿಂದ. ಆಳಕ್ಕಿಳಿಯುವ ಶಕ್ತಿ, ದಕ್ಷತೆ, ಸಣ್ಣ ಪೆಟ್ಟಿಗೆ ಮೂರೂ ಒಟ್ಟಿಗೆ ದಕ್ಕುವುದಿಲ್ಲ. ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಜೆ. ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಈ ನಿಯಮ ಪ್ರಸಿದ್ಧ. ಲೆಕ್ಕ ನಿಷ್ಠುರವಾದದ್ದು: ದಕ್ಷತೆ ಬಿಟ್ಟುಕೊಡದೆ 60 ಹರ್ಟ್ಸ್‌ನಿಂದ 30ಕ್ಕೆ ಇಳಿಯಬೇಕಾದರೆ ಪೆಟ್ಟಿಗೆಯ ಗಾತ್ರ 8 ಪಟ್ಟಾಗಬೇಕು. ದಿನವೂ ಲಾರಿಗೆ ಹತ್ತಿಸಿ ಇಳಿಸುವ ಸಾಮಾನಿಗೆ ಇದು ಸಣ್ಣ ಮಾತಲ್ಲ.

ಹೆಚ್ಚು ರೂಢಿಯಲ್ಲಿರುವುದು 18 ಇಂಚಿನ ಡ್ರೈವರ್ ಕೂರಿಸಿದ, ಕಿಂಡಿಯುಳ್ಳ ಬಾಸ್ ರಿಫ್ಲೆಕ್ಸ್ ಪೆಟ್ಟಿಗೆ. ಟ್ಯೂನ್ ಮಾಡಿದ ಕಂಪನಾಂಕದಲ್ಲಿ ಕಿಂಡಿಯ ಗಾಳಿಯೇ ಕೆಲಸ ಮಾಡುವುದರಿಂದ ಕೋನ್ ಬಹುತೇಕ ಅಲುಗುವುದಿಲ್ಲ. ಅದಕ್ಕಿಂತ ಕೆಳಗಿನ ಸದ್ದು ಬಂದರೆ ಕೋನ್ ತಡೆಯೇ ಇಲ್ಲದೆ ಹದ್ದುಮೀರಿ ಜಿಗಿಯುತ್ತದೆ. ಹೈಪಾಸ್ ಫಿಲ್ಟರ್ ಮರೆತವರು ಡ್ರೈವರ್ ಕಳೆದುಕೊಳ್ಳುವುದು ಹೀಗೆ. ಕಿಂಡಿ ಕಿರಿದಾದರೆ ಗಾಳಿ ಬುಸುಗುಡುತ್ತದೆ. ಹಿಗ್ಗಿಸಿದರೆ ಅದೇ ಟ್ಯೂನಿಂಗ್‌ಗೆ ಉದ್ದವೂ ಬೆಳೆದು ಒಳಗಿನ ಜಾಗ ತಿನ್ನುತ್ತದೆ.

ಹಾರ್ನ್ ವಿನ್ಯಾಸ ಹೆಚ್ಚು ದಕ್ಷ. ಆದರೆ 40 ಹರ್ಟ್ಸ್‌ನ ತರಂಗವೇ ಸುಮಾರು 8.5 ಮೀಟರ್ ಉದ್ದ. ಅದಕ್ಕೆ ತಕ್ಕ ಬಾಯಿ ಒಂದು ಪೆಟ್ಟಿಗೆಯಲ್ಲಿ ಹಿಡಿಸದು, ಹಲವನ್ನು ಒತ್ತಾಗಿ ಜೋಡಿಸಿದಾಗಲೇ ಅದರ ಗುಣ ಕಾಣುವುದು. ಆಂಪ್ಲಿಫೈಯರ್ ಅಗ್ಗವಾದ ಮೇಲೆ ವ್ಯಾಟ್ ಸುರಿದು ಗಾತ್ರ ಉಳಿಸುವ ಚಾಳಿ ಬೆಳೆದಿದೆ. ಆದರೆ ಹೆಚ್ಚು ವ್ಯಾಟ್‌ಗೆ ವಾಯ್ಸ್ ಕಾಯಿಲ್ ಕಾದಂತೆ ಅದರ ರೋಧ ಏರಿ, ಕಾರ್ಯಕ್ರಮದ ನಡುವೆಯೇ ಸದ್ದು ಕುಗ್ಗುತ್ತದೆ. ಕೆಲವು ಪೆಟ್ಟಿಗೆಗಳನ್ನು ಹಿಮ್ಮುಖವಾಗಿಸುವ ಕಾರ್ಡಿಯಾಯ್ಡ್ ಜೋಡಣೆ ವೇದಿಕೆಯ ಮೇಲಿನ ಗದ್ದಲ ತಗ್ಗಿಸುತ್ತದೆ, ಸಭಿಕರತ್ತ ಹೋಗುವ ಸದ್ದನ್ನೂ ತುಸು ಕಡಿಮೆ ಮಾಡುತ್ತದೆ.