ಲ್ಯಾಪ್‌ಟಾಪ್ ರ‍್ಯಾಮ್: ಬ್ರ್ಯಾಂಡ್ ಆಯ್ಕೆ

ಬಳಕೆಯಲ್ಲಿರುವ ಲ್ಯಾಪ್‌ಟಾಪಿಗೆ ಹೆಚ್ಚಿನ ರ‍್ಯಾಮ್ ಹಾಕಿಸುವಾಗ ಯಾವ ಕಂಪನಿಯ ಮಾಡ್ಯೂಲನ್ನು ಕೊಳ್ಳಬೇಕು ಎಂಬುದು ಈ ಲೇಖನದ ವಿಷಯ. ಅಂಗಡಿಗಳಲ್ಲಿ ‘ಸ್ಟಿಕ್’ ಎಂದು ಕರೆಯುವ ಈ ಮಾಡ್ಯೂಲು ಸುಮಾರು 7 ಸೆಂ.ಮೀ. ಉದ್ದದ ಸರ್ಕ್ಯೂಟ್ ಹಲಗೆ. ಅದರ ಮೇಲೆ ನಾಲ್ಕು, ಎಂಟು ಅಥವಾ ಹದಿನಾರು ಮೆಮೊರಿ, ಅಂದರೆ ಡಿರ‍್ಯಾಮ್ ಚಿಪ್‌ಗಳಿರುತ್ತವೆ. ಹಲಗೆಗೆ ಅಂಟಿಸಿದ ಚೀಟಿಯಲ್ಲಿರುವ ಹೆಸರು ಮತ್ತು ಚಿಪ್ ತಯಾರಾದ ಕಾರ್ಖಾನೆ ಬಹುತೇಕ ಬೇರೆ ಬೇರೆ. ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಬ್ರ್ಯಾಂಡ್‌ನಿಂದ ಗೊತ್ತಾಗುವುದು ಮಾಡ್ಯೂಲನ್ನು ಯಾರು ಜೋಡಿಸಿ ಪರೀಕ್ಷಿಸಿದರು, ಕೆಟ್ಟರೆ ಯಾರು ಹೊಣೆ ಎಂಬುದಷ್ಟೆ.

ಚಿಪ್ ತಯಾರಕರು

ಡಿರ‍್ಯಾಮ್ ಕೋಶವನ್ನು ರೂಪಿಸಿದವರು ಐಬಿಎಂನ ರಾಬರ್ಟ್ ಡೆನಾರ್ಡ್. ಪೇಟೆಂಟ್ ದೊರೆತದ್ದು 1968ರಲ್ಲಿ. ಇಂಟೆಲ್ 1970ರಲ್ಲಿ 1103 ಎಂಬ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಜಪಾನಿನ ಪೈಪೋಟಿಯನ್ನು ತಾಳಲಾರದೆ 1985ರಲ್ಲಿ ಆ ವ್ಯಾಪಾರವನ್ನೇ ಬಿಟ್ಟಿತು. ಮುಂದೆ ಜಪಾನೂ ಉಳಿಯಲಿಲ್ಲ. ಎನ್‌ಇಸಿ ಮತ್ತು ಹಿಟಾಚಿಗಳ ಮೆಮೊರಿ ವಿಭಾಗಗಳು ಕೂಡಿ ಹುಟ್ಟಿದ ಎಲ್ಪಿಡಾ 2012ರಲ್ಲಿ ದಿವಾಳಿಯಾಗಿ ಮರುವರ್ಷ ಮೈಕ್ರಾನ್ ಪಾಲಾಯಿತು. ಜರ್ಮನಿಯ ಕಿಮೊಂಡಾ 2009ರಲ್ಲೇ ಮುಳುಗಿತ್ತು. ಬೆಲೆ ಏರಿದಾಗ ಅಪಾರ ಲಾಭ, ಇಳಿದಾಗ ಸಾಲುಸಾಲು ದಿವಾಳಿ. ಇದು ಈ ಉದ್ಯಮಕ್ಕೆ ಅಂಟಿಕೊಂಡೇ ಬಂದ ಗುಣ.

ಈಗ ಜಗತ್ತಿನ ಡಿರ‍್ಯಾಮ್‌ನ ಬಹುಪಾಲು ಮೂರು ಕಂಪನಿಗಳದು: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಐಡಹೊ ರಾಜ್ಯದ ಮೈಕ್ರಾನ್. ತೈವಾನಿನ ನಾನ್ಯಾ, ಚೀನಾದ ಸಿಎಕ್ಸ್‌ಎಂಟಿ ಕಂಪನಿಗಳ ಪಾಲು ಚಿಕ್ಕದು. ಕೆಲವೇ ಕೈಗಳಲ್ಲಿ ಉದ್ಯಮ ಸೇರಿಕೊಂಡರೆ ಏನಾಗಬಹುದೋ ಅದು ಇಲ್ಲಿ ಆಗಿದೆ. ಬೆಲೆಗಳನ್ನು ಒಳಗೊಳಗೇ ನಿಗದಿಪಡಿಸಿಕೊಂಡ ಪ್ರಕರಣದಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ 30 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ ಡಾಲರ್ ದಂಡ ತೆರಲು 2005ರಲ್ಲಿ ಒಪ್ಪಿಕೊಂಡವು. ಒಂದು ಬ್ರ್ಯಾಂಡ್‌ನ ಬೆಲೆ ಏರಿದಾಗ ಉಳಿದವೂ ಅದೇ ತಿಂಗಳಲ್ಲಿ ಏರುವುದಕ್ಕೆ ಕಾರಣ ಅಂಗಡಿಯವರಲ್ಲ. ಎಲ್ಲರಿಗೂ ಚಿಪ್ ಬರುವುದು ಇವೇ ಕೆಲವು ಕಾರ್ಖಾನೆಗಳಿಂದ.

ಮಾಡ್ಯೂಲ್ ಜೋಡಿಸುವವರು

ಕ್ಯಾಲಿಫೋರ್ನಿಯಾದ ಕಿಂಗ್‌ಸ್ಟನ್ ಕಂಪನಿಯನ್ನು ಜಾನ್ ಟು ಮತ್ತು ಡೇವಿಡ್ ಸನ್ 1987ರಲ್ಲಿ ಕಟ್ಟಿದರು. ಜಗತ್ತಿನ ಅತಿ ದೊಡ್ಡ ಮಾಡ್ಯೂಲ್ ಮಾರಾಟಗಾರರಲ್ಲೊಂದಾದರೂ ಅದು ಡಿರ‍್ಯಾಮ್ ಚಿಪ್ ತಯಾರಿಸುವುದಿಲ್ಲ. ಕೋರ್ಸೇರ್, ತೈವಾನಿನ ಎಡೇಟಾ, ಟ್ರಾನ್ಸೆಂಡ್, ಜಿ.ಸ್ಕಿಲ್ ಇವುಗಳದ್ದೂ ಅದೇ ಬಗೆ: ಚಿಪ್ ಕೊಂಡು, ಹಲಗೆಗೆ ಕೂರಿಸಿ, ಪರೀಕ್ಷಿಸಿ ಮಾರುವುದು. ಹೀಗಾಗಿ ಒಂದೇ ಮಾದರಿ ಸಂಖ್ಯೆಯ ಎರಡು ಸ್ಟಿಕ್‌ಗಳಲ್ಲಿ ಒಂದರ ಮೇಲೆ ಹೈನಿಕ್ಸ್, ಇನ್ನೊಂದರ ಮೇಲೆ ಮೈಕ್ರಾನ್ ಚಿಪ್ ಇರಬಹುದು. ಇದು ಮೋಸವಲ್ಲ. ಆ ತಿಂಗಳು ಯಾವ ಚಿಪ್ ಸಿಕ್ಕಿತೋ ಅದನ್ನು ಹಾಕಿರುತ್ತಾರೆ.

ಕ್ರೂಶಿಯಲ್ ಇದಕ್ಕೆ ಅಪವಾದವಾಗಿತ್ತು. ಅದು ಮೈಕ್ರಾನ್‌ನದೇ ಗ್ರಾಹಕ ಬ್ರ್ಯಾಂಡ್. ಚಿಪ್ಪಿನಿಂದ ಮಾಡ್ಯೂಲ್‌ವರೆಗೆ ಒಬ್ಬರದೇ ಹೊಣೆ. ಲ್ಯಾಪ್‌ಟಾಪ್ ಮಾದರಿಯ ಹೆಸರು ಕೊಟ್ಟರೆ ಹೊಂದುವ ಸ್ಟಿಕ್‌ಗಳನ್ನು ತೋರಿಸುವ ಅದರ ಪಟ್ಟಿ ಅಸಂಖ್ಯ ಜನರಿಗೆ ನೆರವಾಗಿದೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಈ ಗ್ರಾಹಕ ವ್ಯಾಪಾರದಿಂದ ಹೊರಬರುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಯೇ ಅದು ಕೊಟ್ಟ ಕಾರಣ. ಮಾರಿದ ಸರಕಿನ ವಾರಂಟಿ ಮುಂದುವರಿಯುವುದೆಂದೂ ಹೇಳಿತು. ಮನೆಬಳಕೆಯ ಕೊಳ್ಳುಗರಿಗೆ ಇದು ನಿಜವಾದ ನಷ್ಟ.

ಬ್ರ್ಯಾಂಡ್‌ಗಿಂತ ಮೊದಲು ನೋಡಬೇಕಾದದ್ದು

ಲ್ಯಾಪ್‌ಟಾಪ್ ಯಾವ ಪೀಳಿಗೆಯ ರ‍್ಯಾಮ್ ಕೇಳುತ್ತದೆ ಎಂಬುದರಲ್ಲಿ ರಾಜಿಗೆ ಎಡೆಯಿಲ್ಲ. ಲ್ಯಾಪ್‌ಟಾಪಿನ ಡಿಡಿಆರ್3 ಮಾಡ್ಯೂಲಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಅಂಚಿನ ಕಚ್ಚಿನ ಜಾಗವೂ ಬೇರೆಬೇರೆಯಾದ್ದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಡಿಡಿಆರ್3ರ ಒಳಗಿನ ಭೇದ ಮಾತ್ರ ಕಣ್ಣಿಗೆ ಬೀಳುವುದಿಲ್ಲ: ಸಾಮಾನ್ಯ ಡಿಡಿಆರ್3ಕ್ಕೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35 ವೋಲ್ಟ್ ಸಾಕು. ಎರಡನೆಯದನ್ನು ಮಾತ್ರ ಒಪ್ಪುವ ಲ್ಯಾಪ್‌ಟಾಪಿಗೆ ಮೊದಲನೆಯದನ್ನು ಹಾಕಿದರೆ ಯಂತ್ರ ಆನ್ ಆಗದಿರಬಹುದು. ಆಗ ‘ಈ ಕಂಪನಿ ಸರಿಯಿಲ್ಲ’ ಎಂದು ಬ್ರ್ಯಾಂಡನ್ನು ದೂರುತ್ತಾರೆ, ತಪ್ಪು ಬ್ರ್ಯಾಂಡ್‌ನದಲ್ಲ.

ವೇಗದ ವಿಷಯದಲ್ಲಿ ಮೇಲಿನ ಮಿತಿ ಪ್ರೊಸೆಸರ್‌ನದು. 5600ರ ಡಿಡಿಆರ್5 ಸ್ಟಿಕ್ ಹಾಕಿದರೂ 4800ಕ್ಕೆ ಸೀಮಿತವಾದ ಯಂತ್ರ ಅದನ್ನು 4800ರಲ್ಲೇ ಓಡಿಸುತ್ತದೆ. ಆಟಗಾರರಿಗೆಂದು ಮಾರುವ ದುಬಾರಿ ಸ್ಟಿಕ್‌ಗಳ ಬಗ್ಗೆಯೂ ಇದೇ ಮಾತು. ಅವುಗಳ ಹೆಚ್ಚಿನ ವೇಗದ ಪ್ರೊಫೈಲನ್ನು ಚಾಲೂ ಮಾಡುವ ಆಯ್ಕೆ ಬಹಳಷ್ಟು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಇರುವುದೇ ಇಲ್ಲ. ಹೆಚ್ಚುವರಿ ಹಣ ಕೊಟ್ಟು ಕೊಂಡ ವೇಗ ಹಾಗೆಯೇ ಮಲಗಿರುತ್ತದೆ.

ಯಾವ ಕಂಪನಿ ಎಂಬುದಕ್ಕಿಂತ ಎಷ್ಟು ಸ್ಟಿಕ್ ಎಂಬುದು ದಿನದ ಬಳಕೆಯಲ್ಲಿ ಹೆಚ್ಚು ತಿಳಿಯುತ್ತದೆ. ಡಿಡಿಆರ್4-3200 ಸ್ಟಿಕ್ ಒಂದೇ ಇದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ ದತ್ತಾಂಶ ಸಾಗುತ್ತದೆ. ಎರಡು ಚಾನೆಲ್‌ನಲ್ಲಿ, ಅಂದರೆ ಎರಡು ಬೇರೆ ದಾರಿಗಳಲ್ಲಿ, ಎರಡು ಇದ್ದರೆ 51.2 ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಚಿತ್ರದ ಕೆಲಸವೂ ಇದೇ ರ‍್ಯಾಮ್‌ನಲ್ಲಿ ನಡೆಯುವುದರಿಂದ ಲಾಭ ಕಣ್ಣಿಗೆ ಕಾಣುತ್ತದೆ. 8 ಜಿಬಿ ಜೊತೆಗೆ 16 ಜಿಬಿ ಹಾಕಿದರೆ ಕೆಲಸ ಕೆಡುವುದಿಲ್ಲ: ಇಂಟೆಲ್ ಯಂತ್ರಗಳಲ್ಲಿ ಸಮನಾದ ಭಾಗ ಎರಡು ಚಾನೆಲ್‌ನಲ್ಲೂ ಮಿಕ್ಕ ಭಾಗ ಒಂದೇ ಚಾನೆಲ್‌ನಲ್ಲೂ ನಡೆಯುತ್ತದೆ.

ಬ್ರ್ಯಾಂಡ್ ಬೆರೆಸಬಹುದೇ?

ಬೆರೆಸಬಹುದು. ಪ್ರತಿ ಮಾಡ್ಯೂಲಿನ ಮೇಲಿರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್ ತನ್ನ ಸಾಮರ್ಥ್ಯ, ವೇಗ, ವಿಳಂಬದ ವಿವರಗಳನ್ನು ಯಂತ್ರಕ್ಕೆ ಹೇಳುತ್ತದೆ. ಯಂತ್ರ ಎರಡನ್ನೂ ಓದಿ, ಎರಡಕ್ಕೂ ಒಪ್ಪುವ ನಿಧಾನದ ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತದೆ. ಜೆಡೆಕ್ ಸಂಸ್ಥೆಯ ಮಾನದಂಡಗಳು ಇರುವುದೇ ಇದಕ್ಕಾಗಿ. ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದ ಸ್ಯಾಮ್‌ಸಂಗ್ ಸ್ಟಿಕ್ ತೆಗೆದೆಸೆದು ಒಂದೇ ಕಂಪನಿಯ ಜೋಡಿ ಕೊಳ್ಳಬೇಕೆಂದು ಒತ್ತಾಯಿಸುವ ಮಾರಾಟಗಾರರ ಮಾತು ಸಾಮಾನ್ಯ ಬಳಕೆಗೆ ಅನ್ವಯಿಸುವುದಿಲ್ಲ. ಒಮ್ಮೊಮ್ಮೆ ಎರಡು ಸ್ಟಿಕ್ ಜೊತೆಯಾಗಿ ಹೊಂದದಿರುವುದುಂಟು. ಆದ್ದರಿಂದ ಬದಲಿಸಿಕೊಡುವ ಅಂಗಡಿಯಲ್ಲೇ ಕೊಳ್ಳಬೇಕು.

ಹೆಸರಿಗಿಂತ ಚೀಟಿಯ ಮೇಲಿನ ಸಂಖ್ಯೆ ಹೆಚ್ಚು ಹೇಳುತ್ತದೆ. ಕಿಂಗ್‌ಸ್ಟನ್‌ನ ಕೆವಿಆರ್32ಎಸ್22ಎಸ್8/8 ಎಂಬುದರಲ್ಲಿ 32 ಎಂದರೆ 3200ರ ವೇಗ, 22 ಎಂದರೆ ವಿಳಂಬ, ಕೊನೆಯ 8 ಎಂದರೆ 8 ಜಿಬಿ. ಅದಕ್ಕೂ ಹಿಂದಿನ ‘ಎಸ್8’ ಇನ್ನೂ ಮುಖ್ಯ: ಪ್ರತಿ ಚಿಪ್ 8 ಬಿಟ್ ಅಗಲದ್ದು ಎಂಬ ಸೂಚನೆ. ಅಲ್ಲಿ ‘ಎಸ್6’ ಇದ್ದರೆ 16 ಬಿಟ್ ಅಗಲದ ಚಿಪ್‌ಗಳು. ಡಿಡಿಆರ್4ರಲ್ಲಿ ಇಂಥ ಚಿಪ್‌ಗಳಿಗೆ ಒಳಗಿನ ಕೋಶಗಳ ವಿಭಾಗಗಳಾದ ಬ್ಯಾಂಕ್ ಗುಂಪುಗಳು ನಾಲ್ಕರ ಬದಲು ಎರಡೇ ಇರುವುದರಿಂದ ಮಾಡ್ಯೂಲು ಸ್ವಲ್ಪ ಹಿಂದೆ ಬೀಳುತ್ತದೆ. 8 ಜಿಬಿ ಸ್ಟಿಕ್‌ನಲ್ಲಿ ಎಂಟರ ಬದಲು ನಾಲ್ಕೇ ಚಿಪ್ ಕಂಡರೆ ಅದು ಈ ಬಗೆಯದು. ಒಂದೇ ಬ್ರ್ಯಾಂಡ್, ಒಂದೇ ವೇಗ, ಒಂದೇ ಸಾಮರ್ಥ್ಯವಿದ್ದೂ ಕೆಲಸದಲ್ಲಿ ವ್ಯತ್ಯಾಸ ಬರುವ ನಿಜವಾದ ಜಾಗ ಇದು; ಜಾಹೀರಾತುಗಳು ಇದರ ಬಗ್ಗೆ ಬಾಯಿ ಬಿಡುವುದಿಲ್ಲ.

ಬಾಳಿಕೆ ಮತ್ತು ಖರೀದಿ

ಯಾವ ಬ್ರ್ಯಾಂಡ್ ಹೆಚ್ಚು ಬಾಳುತ್ತದೆ ಎಂಬುದಕ್ಕೆ ಬಳಕೆದಾರರಿಗೆ ದಕ್ಕುವ ನಂಬಲರ್ಹ ಲೆಕ್ಕ ವಿರಳ. ಗೂಗಲ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಗೂಗಲ್ ಸರ್ವರ್‌ಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ. 8ಕ್ಕೂ ಹೆಚ್ಚು ಮಾಡ್ಯೂಲ್‌ಗಳಲ್ಲಿ ಸರಿಪಡಿಸಬಲ್ಲ ದೋಷ ಕಂಡಿತ್ತು. ತಯಾರಕರ ಹೆಸರುಗಳನ್ನು ಮಾತ್ರ ಮರೆಮಾಡಿದ್ದರು. ಆದ್ದರಿಂದ ಹೆಸರಿನ ಜನಪ್ರಿಯತೆಗಿಂತ ವಾರಂಟಿಯನ್ನು ತೂಗುವುದು ವಿವೇಕ. ಹಲವು ಕಂಪನಿಗಳು ಸೀಮಿತ ಜೀವಾವಧಿ ವಾರಂಟಿ ಕೊಡುತ್ತವೆ. ಆ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ, ಹತ್ತಿರದಲ್ಲಿ ಸರ್ವೀಸ್ ಕೇಂದ್ರವಿದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು.

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಹೊಸ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಸ್ಟಿಕ್‌ಗಳೂ ಸಿಗುತ್ತವೆ. ಅವು ಹೆಚ್ಚಾಗಿ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್ ತಾವೇ ತಯಾರಿಸಿ ಲ್ಯಾಪ್‌ಟಾಪ್ ಕಂಪನಿಗಳಿಗೆ ಕೊಟ್ಟವು, ಗುಣದಲ್ಲಿ ಕಡಿಮೆಯಲ್ಲ. ಕೊರತೆ ಇರುವುದು ಬಿಲ್ಲು ಮತ್ತು ವಾರಂಟಿಯಲ್ಲಿ. ಹಣದ ಬಿಗಿಯಲ್ಲಿರುವ ವಿದ್ಯಾರ್ಥಿಗೆ ಇವು ಒಳ್ಳೆಯ ದಾರಿ, ಅಂಗಡಿಯವರು ಪರೀಕ್ಷಿಸಿ ತೋರಿಸಿದರೆ. ಬರಿ ಚೀಟಿ ನೋಡಿ ನಂಬುವಂತಿಲ್ಲ. ಅದನ್ನು ಬದಲಿಸುವುದು ಸುಲಭ. ಚಿಪ್ ಮೈಮೇಲಿನ ಅಕ್ಷರಗಳು ಮತ್ತು ಸಿಪಿಯು-ಝಡ್ ತಂತ್ರಾಂಶ ತೋರಿಸುವ ವಿವರಗಳು ಚೀಟಿಗೆ ತಾಳೆಯಾಗಬೇಕು. ಹಾಕಿಸಿದ ರಾತ್ರಿಯೇ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಓಡಿಸಿ, ಒಂದೇ ಒಂದು ದೋಷ ಕಂಡರೂ ಸ್ಟಿಕ್ ಹಿಂತಿರುಗಿಸಬೇಕು.

ಈ ಆಯ್ಕೆಯೇ ಇಲ್ಲದ ಲ್ಯಾಪ್‌ಟಾಪ್‌ಗಳು ಹೆಚ್ಚುತ್ತಿವೆ. ತೆಳು ಮಾದರಿಗಳಲ್ಲಿ ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಆಪಲ್‌ನ ಎಂ ಸರಣಿಯಲ್ಲಿ ಅವು ಪ್ರೊಸೆಸರ್‌ನ ಪೊಟ್ಟಣದೊಳಗೇ ಇವೆ. ಅಂಥ ಯಂತ್ರಕ್ಕೆ ಮುಂದೆ ಬೇಕಾಗುವ ರ‍್ಯಾಮನ್ನು ಕೊಳ್ಳುವ ದಿನವೇ ತೀರ್ಮಾನಿಸಬೇಕು. ಬಿಚ್ಚಿ ಬದಲಿಸುವ ಹಕ್ಕನ್ನು ಉಳಿಸುವ ಪ್ರಯತ್ನವೂ ನಡೆದಿದೆ. ಡೆಲ್ 2022ರಲ್ಲಿ ತಂದ ವಿನ್ಯಾಸದಿಂದ ಬೆಳೆದ ಕ್ಯಾಮ್2 ಮಾನದಂಡವನ್ನು ಜೆಡೆಕ್ 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದರ ಎಲ್‌ಪಿಕ್ಯಾಮ್2 ರೂಪವನ್ನು ಲೆನೊವೊ 2024ರಲ್ಲಿ ಥಿಂಕ್‌ಪ್ಯಾಡ್ ಪಿ1ರ ಏಳನೇ ಪೀಳಿಗೆಯಲ್ಲಿ ಅಳವಡಿಸಿತು. ಅಲ್ಲಿ ರ‍್ಯಾಮ್ ಬದಲಿಸಲು ಬೆಸುಗೆ ಬಿಡಿಸಬೇಕಿಲ್ಲ, ತಿರುಪು ಬಿಚ್ಚಿದರೆ ಸಾಕು.